ಬಚ್ಚಲ ಒಲೆಯ ಮೇಲಿನ ಗೊಂಚಲು

ಬೇಸಿಗೆ ಶುರುವಾಗುವ ಹೊತ್ತಿಗೆ ಹೊನ್ನಾವರದಿಂದ ಕುಮಟೆಗೆ ಹೊರಟವರು ಅಳ್ವೆಕೋಡಿಯಲ್ಲಿ ಕಾರಿನ ವೇಗ ಇಳಿಸಲೇಬೇಕು. ಗತ್ಯಂತರವೇ ಇಲ್ಲ. ಹೆದ್ದಾರಿಯ ಬದಿಗೆ ಸಾಲು ಚಪ್ಪರ, ಚಪ್ಪರದ ಗಳಕ್ಕೆ ಕೆಂಪಗೆ ಜೋತುಬಿದ್ದ ಸಿಹಿ ಈರುಳ್ಳಿಯ ಗೊಂಚಲುಗಳು. ಕಣ್ಣಿದ್ದವರು ಯಾರು ತಾನೇ ನೋಡದೆ ಹೋಗುತ್ತಾರೆ! ಆ ಸಾಲಿನಲ್ಲಿ ಪರಮೇಶ್ವರಿಯ ಚಪ್ಪರ ಯಾವುದೆಂದು ಯಾರೂ ತೋರಿಸಿಕೊಡಬೇಕಿಲ್ಲ. ಬೇರೆಯವರ ಗೊಂಚಲೂ ಚೆನ್ನಾಗಿಯೇ ಇರುತ್ತದೆ, ಸುಳ್ಳು ಯಾಕೆ ಹೇಳಬೇಕು. ಆದರೆ ಪರಮೇಶ್ವರಿಯ ಗೊಂಚಲೆಂದರೆ ಶಾಲೆಗೆ ಹೊರಟ ಹುಡುಗಿಯ ಎಣ್ಣೆ ಹಚ್ಚಿ ಬಿಗಿದ ಜಡೆಯ ಹಾಗೆ. ಹಿಡಿದು ಕೊಡವಿದರೂ ಒಂದು ಗಡ್ಡೆ ಅಲ್ಲಾಡುವುದಿಲ್ಲ. ಗೋವೆಗೆ ಹೋಗುವ ಬಸ್ಸಿನ ಡ್ರೈವರು, ಭಟ್ಕಳದಿಂದ ದುಬೈಗೆ ಹೊರಟ ಸಂಸಾರ, ಕತಗಾಲದ ತೋಟದ ಮನೆಯವರು, ಎಲ್ಲರೂ ಹುಡುಕಿಕೊಂಡು ಬರುವುದು ಅವಳಲ್ಲಿಗೇ.

ಇಂಥ ಪರಮೇಶ್ವರಿಯೂ ಒಂದು ಮಳೆಗಾಲ ಬುದ್ಧಿಯನ್ನು ಯಾವುದೋ ಸಂತೆಯಲ್ಲಿ ಬಿಟ್ಟು ಬಂದವಳ ಹಾಗಾಗಿದ್ದಳು. ಈಗ ಅದನ್ನು ಅವಳೇ ನಗುತ್ತ ಹೇಳುತ್ತಾಳೆ. ನಗಲಿಕ್ಕೆ ಬರುವಷ್ಟು ದೂರ ಬಂದ ಮೇಲೆ ಹೇಳುತ್ತಾಳೆ ಅನ್ನಿ.

ಅವಳಿಗೆ ಹೆಣಿಗೆ ಕಲಿಸಿದವಳು ಅತ್ತೆ ಗಂಗಿ. ಈರುಳ್ಳಿಯನ್ನು ಎಲೆಸಮೇತ ಕಿತ್ತು ನೆರಳಿನಲ್ಲಿ ಹರಡುತ್ತಾರೆ. ಎಲೆ ತೀರಾ ಒಣಗಿದರೆ ಮುರಿಯುತ್ತದೆ, ಹಸಿಯಾಗಿದ್ದರೆ ಜಾರುತ್ತದೆ. ಎರಡರ ನಡುವೆ ಒಂದು ಹದ ಇದೆ. ಅದು ಬೆರಳಿಗೆ ಗೊತ್ತಾಗಬೇಕು, ಬಾಯಲ್ಲಿ ಹೇಳಿಕೊಡಲು ಬರುವುದಿಲ್ಲ. ಸೊಸೆ ಹೆಣೆದು ಮುಗಿಸಿದ ಗೊಂಚಲನ್ನು ಗಂಗಿ ಮಡಿಲಲ್ಲಿ ಇಟ್ಟುಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸುತ್ತಿದ್ದಳು. ಎಲ್ಲೋ ಒಂದು ಕಡೆ ಬೆರಳು ನಿಲ್ಲುತ್ತಿತ್ತು. "ಇದು ಸಡ್ಲ," ಎನ್ನುತ್ತಿದ್ದಳು. ಅಲ್ಲಿಗೆ ಮುಗಿಯಿತು, ಅಷ್ಟೂ ಬಿಚ್ಚಬೇಕು. ಹೆದ್ದಾರಿಯಲ್ಲಿ ಹೋಗುವ ಲೋಕವೆಲ್ಲ ಪರಮೇಶ್ವರಿಯ ಕೈಯನ್ನು ಹೊಗಳಿತು. ಮದುವೆಯಾಗಿ ಬಂದು ಕೂದಲು ನೆರೆಯುವ ಕಾಲ ಬಂದರೂ ಅತ್ತೆಯ ಬಾಯಿಂದ "ಆತು" ಎಂಬ ಒಂದು ಮಾತು ಮಾತ್ರ ಬರಲಿಲ್ಲ. ಪರಮೇಶ್ವರಿಗೆ ಅದರ ಆಸೆ ಎಷ್ಟಿತ್ತೆಂದರೆ, ಯಾರೂ ಇಲ್ಲದಾಗ ತನ್ನ ಗೊಂಚಲಿನ ಮೇಲೆ ಅತ್ತೆಯ ಹಾಗೆಯೇ ಬೆರಳಾಡಿಸಿ ನೋಡಿಕೊಳ್ಳುತ್ತಿದ್ದಳು.

ಆ ಮನೆಯ ದೊಡ್ಡ ಆಸ್ತಿ ಎಂದರೆ ಬೀಜ. ಪ್ರತಿ ಬೆಳೆಯಲ್ಲಿ ಅತಿ ಚೆಂದದ ಗಡ್ಡೆಗಳು ಮಾರಾಟಕ್ಕೆ ಹೋಗುವುದಿಲ್ಲ. ಅವನ್ನು ಬೇರೆಯೇ ಹೆಣೆದು ಅಡುಗೆ ಒಲೆಯ ಮೇಲಿನ ಗಳಕ್ಕೆ ಕಟ್ಟುತ್ತಾರೆ. ಮಳೆಗಾಲ ಮುಗಿಯುವ ತನಕ ಅವು ಹೊಗೆ ಕುಡಿದು ಬೆಚ್ಚಗೆ ಕೂತಿರುತ್ತವೆ. ಮಳೆ ಹೋದ ಮೇಲೆ ನೆಟ್ಟರೆ ಹೂ ಬಿಟ್ಟು ಬೀಜ ಕೊಡುತ್ತವೆ. ಆ ಬೀಜ ಒಲೆಯ ಪಕ್ಕದ ಮಡಕೆಯಲ್ಲಿ, ಬೂದಿಯ ನಡುವೆ, ಮುಂದಿನ ಬಿತ್ತನೆಗೆ ಕಾಯುತ್ತದೆ. ಅಕ್ಕಪಕ್ಕದವರ ಹತ್ತಿರವೂ ಬೀಜ ಇದೆ. ಆದರೆ ಗಂಗಿಯ ಮನೆಯದು ಸ್ವಲ್ಪ ಚಪ್ಪಟೆ, ಸಿಪ್ಪೆ ತೆಳು, ಹಸಿಯಾಗಿ ಕಚ್ಚಿದರೆ ಮಕ್ಕಳೂ ಮತ್ತೊಂದು ಕೇಳುವಷ್ಟು ಸಿಹಿ. ಗಂಗಿಗೆ ಅದನ್ನು ಕೊಟ್ಟವಳು ಅವಳ ಅತ್ತೆ. ಆ ಅತ್ತೆಗೆ ಅವಳ ಅತ್ತೆ. ಗಂಗಿಯ ಕಣ್ಣಿಗೆ ಪೊರೆ ಬಂದ ವರ್ಷ ಅವಳು ಸೊಸೆಯನ್ನು ಒಲೆಯ ಮುಂದೆ ನಿಲ್ಲಿಸಿ ಮೇಲೆ ಕೈ ತೋರಿಸಿದಳು. "ಇನ್ಮುಂದೆ ಇದು ನಿಂದು. ನೋಡ್ಕೊ," ಎಂದಳು.

ಅದೇ ವರ್ಷ ಮನೆಗೆ ಹೊಸ ಫೋನೂ ಬಂದಿತ್ತು. ಗಿರಾಕಿಗಳು ಈಗ ನೋಟು ಕೊಡುವುದಿಲ್ಲವಲ್ಲ, ಚಪ್ಪರದ ಕಂಬಕ್ಕೆ ಅಂಟಿಸಿದ ಕ್ಯೂಆರ್ ಚೌಕಕ್ಕೆ ಫೋನು ಹಿಡಿಯುತ್ತಾರೆ. ಅದಕ್ಕೆಂದು ಗಂಡ ಜಟ್ಟಿ ತಂದುಕೊಟ್ಟದ್ದು. ಜಟ್ಟಿ ಪಾಪದ ಮನುಷ್ಯ, ಗದ್ದೆ ಕೆಲಸ ಮುಗಿದರೆ ಗೂಡ್ಸ್ ರಿಕ್ಷಾ ಹೊಡೆಯುತ್ತಾನೆ. ಹಣ ಪಡೆಯುವ ಫೋನಿನಲ್ಲಿ ಸಾಮಾನು ಕೊಳ್ಳಲಿಕ್ಕೂ ಬರುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಪರಮೇಶ್ವರಿಗೆ ಹೊಳೆಯಿತು. ಸುಗ್ಗಿಯ ಕೊನೆಯಲ್ಲಿ ಅವಳು ಮೊಣಕಾಲ ಮೇಲೆ ಫೋನು ಒರಗಿಸಿಕೊಂಡು, ಒಂದು ಕಣ್ಣು ಸೀರೆಗಳ ಮೇಲಿಟ್ಟು ಗೊಂಚಲು ಹೆಣೆದಳು. ಒಳ್ಳೆಯ ಗಡ್ಡೆಗಳೇ, ಆದರೆ ಹೆಣಿಗೆ ದೇವರಿಗೇ ಪ್ರೀತಿ. ಗಂಗಿ ಬೆರಳಾಡಿಸುವ ಮೊದಲೇ ಅದು ಸೊಟ್ಟಗೆ ವಾಲಿತು.

"ಬಿಚ್ಚಲಾ ಅತ್ತೆ?"

"ಬಿಚ್ಚೂಕೆ ಹೋಗ್ಬೇಡ," ಎಂದಳು ಗಂಗಿ. "ಇದ್ನ ಬಚ್ಚಲಲ್ಲಿ ಕಟ್ತೆ. ದಿನಾ ಮೀಯೂಕೆ ಹೋದಾಗ ನಿನ್ನ ಕೆಲ್ಸ ನೀನೇ ನೋಡು."

ಹೇಳಿದಂತೆಯೇ ಹಂಡೆಯ ಒಲೆಯ ಮೇಲೆ ಅದನ್ನು ನೇತುಹಾಕಿಸಿದಳು. ಪರಮೇಶ್ವರಿಗೆ ಮೈಯೆಲ್ಲ ಉರಿಯಿತು. ಸಾರಿಗೆ ಈರುಳ್ಳಿ ಬೇಕಾದಾಗಲೆಲ್ಲ ಅದರಿಂದಲೇ ಕಿತ್ತಳು, ಬೇಗ ಮುಗಿದು ಹೋಗಲಿ ಎಂದು.

ಮಳೆ ಹಿಡಿಯಿತು. ಚಪ್ಪರ ಬಿಚ್ಚಿದರು. ಗಂಗಿ ಕಣ್ಣಿನ ಆಪರೇಶನ್ ಮುಗಿಸಿ ಹೆಬಳೆಯಲ್ಲಿರುವ ಮಗಳ ಮನೆಗೆ ಆರೈಕೆಗೆ ಹೋದಳು. ಬೇಸಿಗೆಯಲ್ಲಿ "ಪರಮೇಶ್ವರಿ, ಪರಮೇಶ್ವರಿ" ಎಂದು ಕಾರಿನ ಕಿಟಕಿಗಳಿಂದ ಕೂಗಿಸಿಕೊಂಡವಳನ್ನು ಈಗ ಕರೆಯುವವರಿಲ್ಲ. ಕೈಗೆ ಹೆಣಿಗೆಯಿಲ್ಲ. ಆ ಖಾಲಿತನಕ್ಕೆ ಏನು ಹೆಸರೋ ಅವಳಿಗೆ ಗೊತ್ತಾಗಲಿಲ್ಲ, ಆದರೆ ಎದೆಯೊಳಗೆ ಅದು ಇತ್ತು. ಮೊದಲ ಪಾರ್ಸೆಲ್ ರಸ್ತೆ ತಿರುವಿನ ದುರ್ಗನ ಅಂಗಡಿಗೆ ಬಂದಾಗ ದುರ್ಗ ದೊಡ್ಡದಾಗಿ ಓದಿದ: "ಪರಮೇಶ್ವರಿ ಜಟ್ಟಿ ಗೌಡ!" ಡಬ್ಬಿಯ ಮೇಲೆ ಅಚ್ಚು ಹಾಕಿದ ಅವಳ ಹೆಸರು. ಅಯ್ಯೋ, ಆ ಖುಷಿಯೇ! ಮನೆಗೆ ತಂದು ಟೇಪು ಕತ್ತರಿಸುವ ತನಕವೂ ಅದು ಇತ್ತು. ಒಳಗಿದ್ದ ವಸ್ತು ಹೊರಗೆ ಬಂದು, ಚಹಾ ಆರುವಷ್ಟರಲ್ಲಿ ಖುಷಿಯೂ ಆರಿತು. ಇನ್ನೊಂದು ಬೇಕಾಯಿತು.

ಏನೇನು ಬಂತು ಕೇಳಿ. ಮೊಟ್ಟೆ ಬೇಯಿಸುವ ಕರೆಂಟಿನ ಬಟ್ಟಲು. ಹಿತ್ತಿಲ ಬಳ್ಳಿ ಗೋಡೆ ಹತ್ತಿ ಹೆಂಚು ಸರಿಸುವ ಊರಿನಲ್ಲಿ ಪ್ಲಾಸ್ಟಿಕ್ಕಿನ ಬಳ್ಳಿ. ಎಲ್ಲಕ್ಕಿಂತ ಮೇಲೆ ಒಂದು ಕಾರಂಜಿ. ನೀರು ತೊಟ್ಟಿಕ್ಕುವ ಸದ್ದಿಗೆ ಮನಸ್ಸು ಶಾಂತವಾಗುತ್ತದಂತೆ, ಈ ಕ್ಷಣದಲ್ಲಿ ಬದುಕಲು ಕಲಿಸುತ್ತದಂತೆ, ಹಾಗೆಂದು ಫೋನಿನಲ್ಲಿ ಒಬ್ಬಳು ಕಣ್ಣು ಮುಚ್ಚಿ ಕೂತು ತೋರಿಸಿದ್ದಳು. ಹೊರಗೆ ಆಷಾಢದ ಮಳೆ ಧೋ ಎಂದು ಹೊಯ್ಯುತ್ತಿದೆ, ಮಾಡಿನಿಂದ ಧಾರೆ ಧಾರೆ ನೀರು ಇಳಿಯುತ್ತಿದೆ; ಒಳಗೆ ನಮ್ಮ ಪರಮೇಶ್ವರಿ ನೀರಿನ ಸದ್ದು ಕೇಳಬೇಕೆಂದು ಕಾರಂಜಿಗೆ ಕರೆಂಟು ಕೊಟ್ಟು ಕೂತಿದ್ದಾಳೆ! ಜಟ್ಟಿ ಬಾಗಿಲಲ್ಲಿ ನಿಂತು ಒಮ್ಮೆ ಹೊರಗೆ ನೋಡಿದ, ಒಮ್ಮೆ ಒಳಗೆ ನೋಡಿದ.

"ಎಂತ ಮಾರಾಯ್ತಿ ಇದು, ಮಳೆ ಸಾಲ್ದೇ ಹೋತಾ?"

"ನಿಮ್ಗೆ ಅರ್ಥ ಆಗೂದಿಲ್ಲ, ಸುಮ್ನೆ ಇರಿ," ಎಂದಳು. ಅರ್ಥ ಅವಳಿಗೂ ಆಗಿರಲಿಲ್ಲ.

ಆಮೇಲೆ ಅಡುಗೆಮನೆಗೆ ಬಿಳಿಯ ಕಪಾಟು ಬಂತು, ಅದರೊಳಗೆ ಇಡಲು ಪಾರದರ್ಶಕ ಡಬ್ಬಗಳು ಬಂದವು. ನಾಲ್ಕೂ ಬದಿ ಕ್ಲಿಪ್ಪು, ಒಳಗೆ ಗಾಳಿಯೂ ನುಸುಳದ ಮುಚ್ಚಳ. ಕಪಾಟು ಬಂದ ವಾರದಲ್ಲೇ ಒಲೆಯ ಮಸಿ ಅದರ ಮೇಲೆ ಬಿತ್ತು. ಒರೆಸಿದಳು, ಮತ್ತೆ ಬಿತ್ತು. ಕಪಾಟಿಗಾಗಿ ಒಲೆ ಹೋಗಬೇಕೋ, ಒಲೆಗಾಗಿ ಕಪಾಟು ಹೋಗಬೇಕೋ? ಪರಮೇಶ್ವರಿ ಹಾರೆ ತೆಗೆದುಕೊಂಡು ಒಲೆ ಒಡೆದಳು. ಗ್ಯಾಸು ಇದ್ದೇ ಇದೆಯಲ್ಲ.

"ಅಮ್ಮನ ಹತ್ರ ಕೇಳಿದ್ಯಾ?" ಎಂದ ಜಟ್ಟಿ.

"ಚೆಂದ ಕಂಡ್ರೆ ಅವ್ರೂ ಖುಷಿ ಪಡ್ತ್ರು."

ಬೀಜದ ಗೊಂಚಲನ್ನು ಅವಳು ಮರೆತಿರಲಿಲ್ಲ, ಅದೇ ದೊಡ್ಡ ಸಂಕಟ. ಮರೆತಿದ್ದರೆ ಅದು ಗಳದಲ್ಲೇ ಇದ್ದು ಒಂದಿಷ್ಟಾದರೂ ಉಳಿಯುತ್ತಿತ್ತೋ ಏನೋ. ಅವಳು ಅದಕ್ಕೆ ಮರ್ಯಾದೆ ಮಾಡಲು ಹೊರಟಳು. ಅತ್ತೆ ತನ್ನ ಕೈಗೆ ಕೊಟ್ಟ ಆಸ್ತಿ, ಹಳೆಯ ಮಸಿಯಲ್ಲಿ ಯಾಕಿರಬೇಕು? ಹೆಣಿಗೆ ಬಿಚ್ಚಿ, ಒಂದೊಂದೇ ಗಡ್ಡೆಯ ಮಸಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸ ಡಬ್ಬಗಳಲ್ಲಿ ಸಾಲಾಗಿ ಜೋಡಿಸಿ ಕ್ಲಿಪ್ಪು ಹಾಕಿದಳು. ಮಡಕೆಯ ಬೀಜವನ್ನೂ ಬೂದಿ ಸೋಸಿ ಒಂದು ಸಣ್ಣ ಡಬ್ಬಕ್ಕೆ ಹಾಕಿದಳು. ಬಿಳಿ ಕಪಾಟಿನಲ್ಲಿ ಕೆಂಪು ಗಡ್ಡೆಗಳು ಎಷ್ಟು ಚೆಂದ ಕಂಡವೆಂದರೆ ಅವಳು ಅದರ ಫೋಟೋ ತೆಗೆದುಕೊಂಡಳು.

ಗಂಗಿ ಚೌತಿಯ ಮುಂಚೆ ಮನೆಗೆ ಬಂದಳು. ಹೊಸ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡಿದ್ದಳು, ಆದರೆ ಅಡುಗೆಮನೆಯ ಸಂಗತಿ ಅವಳಿಗೆ ತಿಳಿದದ್ದು ಮೂಗಿನಿಂದ.

"ಎಂತದೇ ಇದು ನಾತ?"

ಪರಮೇಶ್ವರಿ ಕೆಲವು ದಿನಗಳಿಂದ ಆ ವಾಸನೆಗೆ ಊದುಬತ್ತಿ ಹಚ್ಚುತ್ತಿದ್ದಳು, ಚರಂಡಿಯದಿರಬೇಕೆಂದುಕೊಂಡು. ಗಂಗಿ ನೇರ ಕಪಾಟಿನ ಹತ್ತಿರ ಹೋಗಿ ಡಬ್ಬದ ಕ್ಲಿಪ್ಪು ಎಬ್ಬಿಸಿದಳು. ಒಳಗೆ ನೀರು ನಿಂತಿತ್ತು. ಗಡ್ಡೆಗಳು ಕೈ ತಾಗಿದರೆ ಕುಸಿಯುವಂತೆ ಕೊಳೆತಿದ್ದವು. ಬೀಜದ ಡಬ್ಬದಲ್ಲಿ ಬೂಸಲು ಹಿಡಿದ ಕಪ್ಪು ಮುದ್ದೆ. ಪರಮೇಶ್ವರಿ ಒಂದಾದ ಮೇಲೊಂದು ಮುಚ್ಚಳ ತೆಗೆದಳು, ಯಾವುದಾದರೂ ಒಂದು ಡಬ್ಬ ಉಳಿದಿರಬಹುದೆಂದು. ಯಾವುದೂ ಉಳಿದಿರಲಿಲ್ಲ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಂಗಿ ಒಲೆ ಇದ್ದ ಜಾಗವನ್ನು ನೋಡಿದಳು, ಅದರ ಪಕ್ಕದಲ್ಲೇ ನೆಲಕ್ಕೆ ಕೂತಳು. ಸಣ್ಣ ದನಿಯಲ್ಲಿ, "ನಮ್ಮತ್ತೆಗೆ ನಾನು ಎಂತ ಹೇಳ್ಲೇ?" ಎಂದಳು.

ಸತ್ತು ಎಷ್ಟೋ ಕಾಲವಾದ ಅತ್ತೆಗೆ ಈ ಮುದುಕಿ ಇನ್ನೂ ಉತ್ತರ ಹೇಳಬೇಕಾಗಿತ್ತು. ಪರಮೇಶ್ವರಿಗೆ ಆಗ ಅರ್ಥವಾಯಿತು, ತನ್ನ ಕೈಗೆ ಬಂದದ್ದು ಎಂಥದ್ದೆಂದು. ಅವಳು ಎದ್ದು ಬಚ್ಚಲಿಗೆ ಹೋಗಿ, ಅತ್ತೆಗೆ ಮೀಯಲು ನೀರು ಕಾಯಿಸುವ ನೆಪದಲ್ಲಿ ಒಲೆಗೆ ಬೆಂಕಿ ಹಾಕಿ, ಹೊಗೆಯಲ್ಲಿ ಕೂತು ಅತ್ತಳು. ಮೂಗು ಒರೆಸಿಕೊಳ್ಳುತ್ತ ತಲೆಯೆತ್ತಿದಾಗ ಹಂಡೆಯ ಮೇಲೆ ಅದು ಕಂಡಿತು. ಸೊಟ್ಟ ಗೊಂಚಲು. ಮಸಿ ಹಿಡಿದು ಕರ್ರಗಾಗಿ, ಅರ್ಧಕ್ಕರ್ಧ ಗಡ್ಡೆ ಕಿತ್ತು ಸಾರಿಗೆ ಹಾಕಿದ ಮೇಲೆ ಉಳಿದ ಕೆಲವೇ ಗಡ್ಡೆಗಳು, ಸಡಿಲ ಎಲೆಯಲ್ಲಿ ಅಡ್ಡಾದಿಡ್ಡಿ ನೇತಾಡುತ್ತಿದ್ದವು. ಅವಳು ಹಂಡೆಯ ಕಟ್ಟೆ ಹತ್ತಿ ಒಂದನ್ನು ಒತ್ತಿ ನೋಡಿದಳು. ಗಟ್ಟಿ. ಇನ್ನೊಂದು, ಅದೂ ಗಟ್ಟಿ.

"ಅತ್ತೆ!" ಎಂದು ಕೂಗಿದ ಕೂಗಿಗೆ ಜಟ್ಟಿ ಹಾವು ಬಂತೆಂದು ದೊಣ್ಣೆ ಹಿಡಿದು ಓಡಿ ಬಂದ.

ಗಂಗಿ ಆ ಗೊಂಚಲನ್ನು ಮಡಿಲಲ್ಲಿ ಹಾಕಿಕೊಂಡು ಎಷ್ಟೋ ಹೊತ್ತು ಸವರಿದಳು. ಕೊನೆಗೆ ಬೊಚ್ಚು ಬಾಯಿ ಬಿಟ್ಟು ನಕ್ಕಳು. "ಕೆಟ್ಟ ಹೆಣಿಗೆ ಕಟ್ಟಿದ್ದಕ್ಕೆ ಉಳ್ಕಂಡ್ವು ನೋಡು. ಚೆಂದ ಹೆಣೆದಿದ್ರೆ ಮಾರಿ ಸೀರೆ ತಕಂಬಿಡ್ತಿದ್ದೆ ನೀನು!" ಪರಮೇಶ್ವರಿ ಅಳುತ್ತಿದ್ದವಳು ನಗಬೇಕಾಯಿತು.

ಮರುದಿನವೇ ಅವಳು ಗದ್ದೆಯಂಚಿನ ಮಣ್ಣು ತಂದು, ನಾದಿ, ಒಲೆ ಕಟ್ಟಿದಳು. ಬಿಳಿ ಕಪಾಟು ಜಗಲಿಗೆ ಹೋಗಿ ಜಟ್ಟಿಯ ರಿಕ್ಷಾ ಸಾಮಾನಿಗೆ ಮನೆಯಾಯಿತು. ಕಾರಂಜಿಯ ಬಟ್ಟಲಲ್ಲಿ ಈಗಲೂ ಕೋಳಿಗಳು ನೀರು ಕುಡಿಯುತ್ತವೆ, ಅವುಗಳ ಮನಸ್ಸು ಶಾಂತವಾಗಿಯೇ ಇದೆ. ಫೋನನ್ನು ಅವಳು ಸಮುದ್ರಕ್ಕೇನೂ ಎಸೆಯಲಿಲ್ಲ. ಗಿರಾಕಿಗಳಿಗೆ ಬೇಕಲ್ಲ! ಆದರೆ ಕೈಯಲ್ಲಿ ಕೆಲಸವಿರುವಾಗ ಅದು ಜಟ್ಟಿಯ ಅಂಗಿ ಜೇಬಿನಲ್ಲಿರಬೇಕೆಂದು ಕಟ್ಟುನಿಟ್ಟು ಮಾಡಿದಳು.

ಮಳೆ ನಿಂತ ಮೇಲೆ ಆ ಗಡ್ಡೆಗಳನ್ನು ಮನೆಯ ಹಿಂದೆ, ತಳಿ ಬೆರೆಯದಂತೆ, ಬೇರೆಯವರ ಈರುಳ್ಳಿ ಹೂವಿನ ಹುಳ ಹಾರಿ ಬಾರದಷ್ಟು ದೂರದಲ್ಲಿ ನೆಟ್ಟಳು. ಬೆಳಿಗ್ಗೆ ಎದ್ದರೆ ಮೊದಲು ಅಲ್ಲಿಗೇ. ದಂಟು ಎದ್ದಿತು, ತುದಿಯಲ್ಲಿ ಬಿಳಿಯ ಹೂ ಚೆಂಡು ಬಿರಿಯಿತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಅವಳಿಗೆ ಏಳುವ ಮನಸ್ಸಾಗುತ್ತಿರಲಿಲ್ಲ. ಜೇನು ಬಂದು ಕೂರುವುದನ್ನು ನೋಡುತ್ತಿದ್ದಳು, ಇಬ್ಬನಿ ಆರುವುದನ್ನು ನೋಡುತ್ತಿದ್ದಳು. ಪಾರ್ಸೆಲ್ಲಿಗೆ ಕಾಯುವಾಗ ಅದು ಎಲ್ಲಿಗೆ ಬಂತೆಂದು ಗಳಿಗೆಗೊಮ್ಮೆ ಫೋನು ತೆಗೆದು ನೋಡುತ್ತಿದ್ದಳು. ಈ ಕಾಯುವಿಕೆಯಲ್ಲಿ ಅಂಥದ್ದೇನೂ ಇರಲಿಲ್ಲ. ಇನ್ನೇನಾದರೂ ಬೇಕೆಂದು ಅನ್ನಿಸಲೇ ಇಲ್ಲ ಎಂಬುದು ಅವಳ ಗಮನಕ್ಕೆ ಬಂದದ್ದೂ ಎಷ್ಟೋ ದಿನಗಳ ಮೇಲೆ.

ಆದರೆ ಆ ಬೇಸಿಗೆಗೆ ಮಾರಲು ಈರುಳ್ಳಿ ಇರಲಿಲ್ಲ. ಬೀಜ ಮಾಡಿಕೊಳ್ಳುವುದರಲ್ಲೇ ಒಂದು ಹಂಗಾಮು ಹೋಯಿತು, ಗದ್ದೆಗೆ ಶೇಂಗಾ ಹಾಕಿದರು. ಪಕ್ಕದ ಚಪ್ಪರದ ಉಮೇಶ ಒಳ್ಳೆಯವನು. ಒಂದು ಹೊರೆ ಈರುಳ್ಳಿ ತಂದಿಟ್ಟು ಹೇಳಿದ: "ಪರಮೇಶ್ವರಕ್ಕ, ನಮ್ದನ್ನೇ ಹೆಣೆದು ನಿಮ್ಮ ಗಳಕ್ಕೆ ಕಟ್ಟಿ. ಯಾರಿಗೆ ಗೊತ್ತಾತದೆ? ಹೆಣಿಗೆ ನೋಡಿಯೇ ತಕಂಡು ಹೋತ್ರು."

"ಗೊತ್ತಾಗೂದಿಲ್ಲ, ಹೌದು," ಎಂದಳು ಪರಮೇಶ್ವರಿ. "ನಂಗೆ ಗೊತ್ತಾತದಲ್ಲ ಉಮೇಶ."

ಅವಳು ಉಮೇಶನ ಈರುಳ್ಳಿಯನ್ನು ಉಮೇಶನ ಚಪ್ಪರದಲ್ಲೇ ಕೂತು, ಕೂಲಿಗೆ ಹೆಣೆದಳು. ತನ್ನ ಚಪ್ಪರದ ಗಳವನ್ನು ಮಾತ್ರ ಎಂದಿನಂತೆ ಕಟ್ಟಿಸಿ, ಖಾಲಿ ಬಿಟ್ಟಳು. ಕಾರು ನಿಲ್ಲಿಸಿ ಕೇಳಿದವರಿಗೆಲ್ಲ, "ಈ ವರ್ಷ ನಮ್ದಿಲ್ಲ. ಬರೋ ವರ್ಷ ಬನ್ನಿ," ಎಂದು ತಲೆಯೆತ್ತಿಯೇ ಹೇಳಿದಳು. ಕತಗಾಲದ ಸುಮತಿಯಮ್ಮ, ಒಂದು ವರ್ಷವೂ ಬಿಡದೆ ಬರುವ ಗಿರಾಕಿ, ಖಾಲಿ ಗಳ ನೋಡಿ ಬಾಯಿ ಮೇಲೆ ಕೈಯಿಟ್ಟರು. ಪರಮೇಶ್ವರಿಗೆ ನಾಚಿಕೆಯಾಗಲಿಲ್ಲವೇ? ಆಯಿತು. ಹಾಗೆಂದು ಗಳಕ್ಕೆ ಸುಳ್ಳು ಕಟ್ಟುವವಳಲ್ಲ.

ಮರುವರ್ಷ ಬೆಳೆ ಬಂತು. ಹೆಚ್ಚೇನಲ್ಲ, ಗದ್ದೆಯ ಒಂದು ಮೂಲೆಯಷ್ಟು. ಆದರೆ ಕಿತ್ತ ಮೊದಲ ಗಡ್ಡೆಯನ್ನು ಜಟ್ಟಿ ಪಂಚೆಗೆ ಒರೆಸಿ ಕಚ್ಚಿ, "ಅದೇ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಪರಮೇಶ್ವರಿ ಅತ್ಯುತ್ತಮವಾದವನ್ನು ಆರಿಸಿ ಚಪ್ಪರದಲ್ಲಿ ಕೂತು ಬೀಜದ ಗೊಂಚಲು ಹೆಣೆಯಲು ತೊಡಗಿದಳು. ಲಾರಿಗಳು ಹೋದವು, ಬಸ್ಸುಗಳು ಹಾರ್ನ್ ಹೊಡೆದವು. ಅವಳು ಒಂದು ಎಲೆ ಮಡಿಸಿ, ಅದು ಕೂತದ್ದು ಬೆರಳಿಗೆ ತಿಳಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿದಳು. ಮುಗಿಸಿ ಎತ್ತಿ ಹಿಡಿದಾಗ ಎದುರಿಗೆ ಸುಮತಿಯಮ್ಮನ ಕಾರು ನಿಂತಿತ್ತು.

"ಅಬ್ಬಾ, ಪರಮೇಶ್ವರಿ! ಇದು ನಂಗೇ. ಬೇರೆ ಯಾರಿಗೂ ಕೊಡ್ಬೇಡ."

"ಇದು ಮಾರೂಕಲ್ಲ ಅಮ್ಮ. ಬೀಜದ್ದು. ನಿಮ್ಗೆ ಬೇರೆ ಹೆಣೆದು ಕೊಡ್ತೆ."

"ಬೇರೆ ಬೇಡ, ಇದೇ ಬೇಕು. ಎಷ್ಟು ಹೇಳು, ನಾನು ಚೌಕಾಸಿ ಮಾಡೂದಿಲ್ಲ." ಸುಮತಿಯಮ್ಮ ಆಗಲೇ ಕಂಬದ ಚೌಕದತ್ತ ಫೋನು ಹಿಡಿದಾಗಿತ್ತು.

ಪರಮೇಶ್ವರಿ ಅವರ ಕಣ್ಣು ನೋಡಿದಳು. ಆ ಹೊಳಪು ಅವಳಿಗೆ ಚೆನ್ನಾಗಿ ಗೊತ್ತು. ಮನೆ ಮುಟ್ಟಿ ಚಹಾ ಆರುವ ತನಕ ಇರುತ್ತದೆ. ಅವಳಿಗೆ ಸಿಟ್ಟು ಬರಲಿಲ್ಲ, ಅಯ್ಯೋ ಪಾಪ ಎನ್ನಿಸಿತು. ಕಂಬದ ಚೌಕದ ಮೇಲೆ ಅಂಗೈ ಇಟ್ಟಳು.

"ಎಷ್ಟು ಕೊಟ್ರೂ ಇಲ್ಲಮ್ಮ," ಎಂದಳು. ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಯಿತು. ತಿಂಗಳುಗಟ್ಟಲೆ ಕಂಡದ್ದನ್ನೆಲ್ಲ ಕೊಂಡವಳ ಮನೆಯಲ್ಲಿ, ಯಾರೂ ಕೊಳ್ಳಲಾಗದ ಒಂದು ವಸ್ತು ಇತ್ತು. ಆ ಹೆಮ್ಮೆಯನ್ನು ಅವಳು ಮುಚ್ಚಿಡಲೂ ಇಲ್ಲ. ಒಂದು ಬಿಡಿ ಗಡ್ಡೆ ಸುಲಿದು ಸುಮತಿಯಮ್ಮನ ಕೈಗೆ ಕೊಟ್ಟಳು. "ಇಲ್ಲೇ ನಿಂತ್ಕಂಡು ತಿನ್ನಿ. ಅವಸರ ಮಾಡ್ಬೇಡಿ." ಸುಮತಿಯಮ್ಮ ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಕಚ್ಚಿದರು. ಆಮೇಲೆ ರಸ್ತೆ ಬದಿಯಲ್ಲಿ ನಿಂತೇ ಪೂರ್ತಿ ತಿಂದರು, ಫೋನನ್ನು ಚೀಲಕ್ಕೆ ಹಾಕಿ.

ಸಂಜೆ ಪರಮೇಶ್ವರಿ ಗೊಂಚಲನ್ನು ಅತ್ತೆಯ ಮಡಿಲಲ್ಲಿಟ್ಟು ಎದುರು ಕೂತಳು. ಗಂಗಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತದೆ. ಆದರೂ ಕಣ್ಣು ಮುಚ್ಚಿ, ಮೇಲಿನಿಂದ ಬೆರಳಾಡಿಸಲು ಶುರು ಮಾಡಿದಳು. ನಡುವಿಗೆ ಬಂತು. ಅಲ್ಲಿ ಒಂದು ಕ್ಷಣ ಬೆರಳು ನಿಂತಿತು. ಬೆರಳು ಮುಂದೆ ಹೋಯಿತು. ಕೊನೆಯ ಗಡ್ಡೆಯ ತನಕ ಹೋಗಿ, ಮತ್ತೆ ಮೇಲಿನಿಂದ ಇನ್ನೊಮ್ಮೆ ಬಂತು.

"ಆತು," ಎಂದಳು ಗಂಗಿ. "ಮೇಲೆ ಕಟ್ಟು."

ಪರಮೇಶ್ವರಿ ಮಣೆ ಇಟ್ಟುಕೊಂಡು ಹತ್ತಿ, ತಾನೇ ಕಟ್ಟಿದ ಒಲೆಯ ಮೇಲಿನ ಗಳಕ್ಕೆ ಅದನ್ನು ಬಿಗಿದಳು. ಕೆಳಗೆ ಗಂಗಿ ಒಲೆಗೆ ಒಂದು ಕೊಳ್ಳಿ ಮುಂದೂಡಿದಳು, ಹೊಗೆ ಮೇಲೆದ್ದಿತು.